ಹೂ ಬಿಟ್ಟರೂ ಕಾಯಿ ಬಿಡದ ಮರ

ಪಕ್ಕದವನ ಕೊಡಲಿಯ ಸದ್ದು ಕೇಳಿಸಿತೆಂದರೆ ಎನೋಕ್ ಮೆಕೆಲ್ರಾಯ್‌ಗೆ ಅಂಗಾಲು ತುರಿಸುತ್ತಿತ್ತು. ಯಾರದೋ ಒಲೆಯ ಹೊಗೆ ಮರಗಳ ಮೇಲೆ ಕಂಡರೆ ಊಟ ಸೇರುತ್ತಿರಲಿಲ್ಲ. "ಉಸಿರಾಡೋಕೂ ಜಾಗ ಇಲ್ಲ ಕಣೇ," ಎನ್ನುತ್ತಿದ್ದ. ಆ ಹೊಗೆಯೋ ಎರಡು ಗುಡ್ಡದಾಚೆ ಇರುತ್ತಿತ್ತು. ಹೀಗೆ ಉಸಿರಾಡಲೆಂದೇ ಗಂಡಹೆಂಡಿರು ಬ್ರಾಂಡಿವೈನ್ ಹೊಳೆಯ ಸೀಮೆ ಬಿಟ್ಟು ಸಸ್ಕ್ವೆಹಾನಾ ನದಿ ದಾಟಿದರು, ಅಲ್ಲಿಂದ ಶೆನಂಡೋವಾ ಕಣಿವೆಗೆ ಇಳಿದರು, ಅಲ್ಲಿಂದ ಹೋಲ್ಸ್ಟನ್ ನದಿಯ ಈ ದಂಡೆಗೆ ಬಂದರು. ಪಡುವಣಕ್ಕೆ ಹೋದ ಸೂರ್ಯನಾದರೂ ಮರುದಿನ ಮೂಡಣಕ್ಕೆ ಬರುತ್ತಾನೆ; ಎನೋಕ್ ಹಿಂತಿರುಗಿದವನಲ್ಲ.

ಹೋದಲ್ಲೆಲ್ಲ ಅವನ ಮೊದಲ ಕೆಲಸ, ನೀರಿನ ಬುಗ್ಗೆಯ ಸುತ್ತಲಿನ ಮರಗಳಿಗೆ ಕೊಡಲಿಯಿಂದ ತನ್ನ ಹೆಸರಿನ ಅಕ್ಷರ ಕೆತ್ತಿ ನೆಲ ತನ್ನದೆನ್ನುವುದು. ಹೋಲ್ಸ್ಟನ್ ದಂಡೆಯ ಬುಗ್ಗೆಯ ನೀರು ಕುಡಿದು ಬೆಳೆದ ಮೂಲನಿವಾಸಿ ಚೆರೊಕೀ ಜನ ಏನೆಂದಾರು ಎಂದು ಅವನು ಕೇಳಲು ಹೋದದ್ದಿಲ್ಲ. ಹೆಂಡತಿ ಕೆತೂರಾಳ ಮೊದಲ ಕೆಲಸ, ಹಸಿ ಪಾಚಿಯಲ್ಲಿ ಸುತ್ತಿ ತಂದ ಮರಸೇಬಿನ ಸಸಿ ನೆಡುವುದು. ಅವನ ಅಕ್ಷರ ಒಂದು ಬೆಳಗಿನಲ್ಲಿ ಮುಗಿಯುತ್ತಿತ್ತು. ಅವಳ ಮರಕ್ಕೆ ವರ್ಷಗಟ್ಟಲೆ ಬೇಕಿತ್ತು. ಎಲ್ಲಿಯೂ ಅವಳ ಬಾಯಿಗೆ ಒಂದು ಹಣ್ಣು ಬಿದ್ದಿರಲಿಲ್ಲ. ಸಸ್ಕ್ವೆಹಾನಾದಾಚೆ ಮರದ ಬುಡದಲ್ಲಿ ಒಂದು ಪುಟ್ಟ ಸಮಾಧಿಯನ್ನೂ ಬಿಟ್ಟು ಬಂದಿದ್ದರು. ಅದರ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಹೋಲ್ಸ್ಟನ್ ದಂಡೆಯಲ್ಲಿ ಸಸಿ ನೆಟ್ಟ ದಿನ ಕೆತೂರಾ ಬೈಬಲಿನ ಮೇಲೆ ಕೈಯಿಟ್ಟು ಹೇಳಿದ್ದಳು: "ಈ ಮರ ಕಾಯಿ ಬಿಟ್ಟ ವರ್ಷ ನೀವು ಎಲ್ಲಿಗೆ ಕರೆದ್ರೂ ಗಾಡಿ ಹತ್ತುತ್ತೀನಿ. ಅಲ್ಲೀತನಕ ನನ್ನ ಎಬ್ಬಿಸಬೇಡಿ."

ಎನೋಕ್ ಒಪ್ಪಿಕೊಂಡ. ಮರ ಬೆಳೆಯಿತು. ಒಂದು ವಸಂತದಲ್ಲಿ ಬೆಳ್ಳಗೆ ಹೂ ಬಿಟ್ಟಿತು. ಅವನು ಉಳುಮೆಗೆ ಹೋದದ್ದೇ ತಡ, ಕೆತೂರಾ ಉಡಿಯೊಡ್ಡಿ ನಿಂತು ಹೂಗಳನ್ನೆಲ್ಲ ಚಿವುಟಿದಳು. ಮರುವರ್ಷವೂ ಅದೇ. ದೇವರು ಅರಳಿಸಿದ ಹೂ ಎಂದು ಬೆರಳು ಅಳುಕುತ್ತಿತ್ತು. ಆದರೆ ಕಾಯಿ ಬಿಟ್ಟರೆ ಹೊರಡುವೆ ಎಂದಿದ್ದಳೇ ಹೊರತು, ಕಾಯಿಯಾಗಲು ಬಿಡುವೆ ಎಂದು ಆಣೆಯಿಟ್ಟಿರಲಿಲ್ಲವಲ್ಲ. ದೇವರಿಗೆ ಈ ವಾದವನ್ನು ಅವಳು ಮೆಲ್ಲನೆ, ಕಣ್ಣುಮುಚ್ಚಿ ಒಪ್ಪಿಸುತ್ತಿದ್ದಳು.

"ಗೊಡ್ಡು ಮರ ಕಣೇ ಇದು," ಎಂದು ಎನೋಕ್ ಪ್ರತಿ ಬೇಸಿಗೆ ನಿಟ್ಟುಸಿರಿಡುತ್ತಿದ್ದ. ಪ್ರಾರ್ಥನಾಮಂದಿರದ ಅಂಗಳದಲ್ಲಿ ಸಿಕ್ಕವರಿಗೆಲ್ಲ, "ಮರದ್ದೇ ತಡ. ಇಲ್ದಿದ್ರೆ ನಾನು ಇಷ್ಟೊತ್ತಿಗೆ ಕೆಂಟಕಿಯಲ್ಲಿ ಇರ್ತಿದ್ದೆ," ಎನ್ನುತ್ತ ಮಂಡಿ ನೀವಿಕೊಳ್ಳುತ್ತಿದ್ದ.

ಒಂದು ವರ್ಷ ಸುಗ್ಗಿ ಮುಗಿಯುತ್ತಲೇ ಪಡುವಣದ ಕೆಂಟಕಿಗೆ ಗಾಡಿಗಳ ಸಾಲು ಹೊರಡುವುದಿತ್ತು. ಅದರ ಮುಂದಾಳು ಟೋಬಿಯಾಸ್, ಮಂದಿರದಲ್ಲಿ ಕೀರ್ತನೆ ಹೇಳಿಕೊಡುವವನು. ಅವನು ಒಂದೊಂದು ಸಾಲು ಓದಿದರೆ ಉಳಿದವರು ರಾಗವೆಳೆದು ಹಾಡುತ್ತಿದ್ದರು. ಭಾನುವಾರ ಆರಾಧನೆ ಮುಗಿದ ಮೇಲೆ ಅವನು ಕೆತೂರಾಳ ಹತ್ತಿರ ಬಂದ.

"ಅಕ್ಕಾ, ಗಾಡಿ ಗಾಲಿಗೆ ಕೊಬ್ಬು ಸವರಿಸಿ. ನಿನ್ನೆ ಗುಡ್ಡದ ಮೇಲಿಂದ ನೋಡ್ದೆ, ನಿಮ್ಮ ಮರದ ತುದೀಲಿ ಒಂದು ಕಾಯಿ ಕೂತಿದೆ."

"ಹಕ್ಕಿ ಇರ್ಬೇಕು."

"ಹಕ್ಕಿಗೆ ತೊಟ್ಟು ಇರುತ್ತಾ ಅಕ್ಕಾ?" ಎಂದು ಅವನು ನಕ್ಕ. "ಯಜಮಾನ್ರಿಗೂ ಹೇಳ್ಬಿಟ್ಟಿದೀನಿ. ಅದೇನು ಖುಷಿಯೋ, ಎರಡೆರಡು ಸಲ ಮಂಡಿ ನೀವ್ಕೊಂಡ್ರು."

ಕೆತೂರಾ ಮನೆಗೆ ಓಡಿ ಉದ್ದನೆಯ ಕೋಲಿನಿಂದ ಕಾಯಿ ಬಡಿದುರುಳಿಸಬಹುದಿತ್ತು. ಆದರೆ ಅಂದು ಸಬ್ಬತ್, ಕೆಲಸ ಮುಟ್ಟಬಾರದ ದೇವರ ದಿನ. ಒಲೆಗೆ ಸೌದೆ ಒಡೆಯುವುದೂ ಪಾಪ. ದಿನವಿಡೀ ಅವಳು ಬೈಬಲ್ ಮುಂದಿಟ್ಟುಕೊಂಡು ಕಿಟಕಿಯನ್ನೇ ಓದಿದಳು. ಕತ್ತಲಾದ ಮೇಲೆ ಎನೋಕ್ "ಹಸು ನೋಡಿ ಬರ್ತೀನಿ" ಎಂದು ಹೋದವನು ಬಹಳ ಹೊತ್ತು ನೋಡಿಕೊಂಡಿದ್ದ.

ಸೋಮವಾರ ಬೆಳಕು ಹರಿಯುವ ಮೊದಲೇ ಅವಳು ಕೋಲು ಹಿಡಿದು ಮರದಡಿ ನಿಂತಳು. ತುದಿಕೊಂಬೆ ಮುರಿದಿತ್ತು. ಕಾಯಿ ಇರಲಿಲ್ಲ.

ಮುಗಿಯಿತು, ಕಾಯಿಯನ್ನು ಮೇಜಿನ ಮೇಲಿಟ್ಟು ಕೊಟ್ಟ ಮಾತು ಕೇಳುತ್ತಾನೆ ಎಂದುಕೊಂಡು ಒಳಗೆ ಬಂದರೆ ಮೇಜು ಖಾಲಿ. ಎನೋಕ್ ಹಾಸಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮುದುರಿದ್ದ.

"ಏನ್ರೀ ಆಯ್ತು?"

"ಏನಿಲ್ಲ. ನಿನ್ನೆ ಜೋಳದ ಗಂಜಿ ಹೆಚ್ಚಾಯ್ತು."

ಮಾಗದ ಮರಸೇಬು ಕಲ್ಲಿಗೆ ಸಮ. ಅವನ ಗಡ್ಡದಲ್ಲಿ ಎಳೆಯ ಬೀಜವೊಂದು ಸಿಕ್ಕಿಕೊಂಡಿತ್ತು. ಬಾಗಿಲ ಬಳಿ ತೂಗುಹಾಕಿದ್ದ ಅಂಗಿಯ ಮೊಣಕೈ ಹರಿದಿತ್ತು. ಆ ಮಂಡಿಗಳನ್ನು ಕಟ್ಟಿಕೊಂಡು ಮುದುಕ ಮರ ಹತ್ತಿದ್ದ, ಅದೂ ಸಬ್ಬತ್ ದಿನ.

ಕೆತೂರಾ ಪುದೀನದ ಕಷಾಯ ಕಾಯಿಸಿ ತಂದಳು. ಕುಡಿಸುತ್ತ ಗಡ್ಡದ ಬೀಜವನ್ನು ಒರೆಸಿ ತೆಗೆದಳು.

"ಟೋಬಿಯಾಸ್ ಏನೋ ಕಾಯಿ ಅಂತಿದ್ದ," ಎಂದಳು.

"ಅವನ ಕಣ್ಣು ಮಂಜಾಗಿದೆ ಕಣೇ. ಹಕ್ಕಿ ಇರ್ಬೇಕು."

"ನಾನೂ ಅದೇ ಅಂದೆ."

"ಪಾಪ, ನಮ್ಮನ್ನ ಕಾಯ್ಕೊಂಡು ಕೂರೋದು ಬೇಡ ಗಾಡಿಯವರು," ಎಂದ ಎನೋಕ್, ಗೋಡೆಯ ಕಡೆ ಹೊರಳಿ. ಎರಡನೆಯ ಬಟ್ಟಲು ಕಷಾಯವನ್ನು ಕೇಳದೆಯೇ ಕುಡಿದ.

ಗಾಡಿಗಳು ಹೋದವು. ಚಳಿಗಾಲದಲ್ಲಿ ಎನೋಕ್ ಕೊಟ್ಟಿಗೆಯಲ್ಲಿ ಕೂತು ಏಣಿಯೊಂದನ್ನು ಮಾಡಿದ. ಜೋಳದ ಅಟ್ಟಕ್ಕೆ ಅಷ್ಟು ಉದ್ದ ಬೇಕಿರಲಿಲ್ಲ, ಅವಳು ಕೇಳಲಿಲ್ಲ. ಮರ ಹೂ ಬಿಟ್ಟ ಬೆಳಿಗ್ಗೆ ಅವನು ಅದನ್ನು ಹೊತ್ತು ತಂದು ಮರಕ್ಕೆ ಒರಗಿಸಿ, ಅಲುಗಾಡಿಸಿ ನೋಡಿ, ನೇಗಿಲು ಹೆಗಲಿಗೇರಿಸಿದ.

"ತುದಿಕೊಂಬೆ ನಿಂಗೆ ಎಟುಕಲ್ಲ," ಎಂದು ತಿರುಗಿ ನೋಡದೆ ಹೊಲದ ಕಡೆ ನಡೆದ.