ಕಿಟಕಿಗೆ ಅಂಟಿಸಿದ ಕೆರೆ

ಗಾಜಿಗೆ ಚಿತ್ರದ ಹಾಳೆ ಅಂಟಿಸುವುದು ನಮ್ಮ ಅಂಗಡಿಯ ಕೆಲಸ. ಅಕ್ಕಪಕ್ಕದ ಮನೆಯ ಅಣ್ಣತಮ್ಮಂದಿರಲ್ಲಿ ತಮ್ಮ ಆರಿಸಿದ್ದು ಕೆರೆಯ ಚಿತ್ರ. ನೀಲಿ ನೀರು, ಆರು ಹಂಸ. ಅದನ್ನು ಅವನ ಮನೆಯ ಹಿಂದಿನ ಕೋಣೆಯ ಕಿಟಕಿಗೆ ಅಂಟಿಸಲು ಹೋಗಿದ್ದೆ. ಕಿಟಕಿಯಾಚೆ ಅವನ ಅಣ್ಣನ ಅಂಗಳ. ಒಂದು ನಲ್ಲಿಯ ವಿಷಯಕ್ಕೆ ಜಗಳವಾಗಿ, ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿ ಸೊಂಟ ಮುರಿದುಕೊಂಡ ಅವರ ತಾಯಿ ಮಲಗಿದ್ದರು.

"ಅವನ ಮುಖ ಕಾಣದ ಹಾಗೆ ಮಾಡಿಬಿಡಿ, ಸಾಕು," ಎಂದ ತಮ್ಮ. "ಬೆಳಕು ಬರುತ್ತೆ ತಾನೆ?"

"ಬೆಳಕು ಬರುತ್ತೆ. ಆಚೆಯದೇನೂ ಕಾಣಲ್ಲ."

"ಅಮ್ಮನಿಗೂ ಕೆರೆ ನೋಡ್ಕೊಂಡು ಹೊತ್ತು ಹೋಗುತ್ತೆ."

"ಹೂಂ, ಮಲಗಿದಲ್ಲೇ ಬಾತುಕೋಳಿಗೆ ಕಾಳು ಹಾಕ್ತೀನಿ," ಎಂದರು ತಾಯಿ.

"ಬಾತುಕೋಳಿ ಅಲ್ಲಮ್ಮ, ಹಂಸ."

"ಯಾವುದಾದ್ರೇನೋ, ಅದೇನು ನನ್ನ ಹೊಟ್ಟೇಲಿ ಹುಟ್ಟಿದ್ದಾ?"

ತಮ್ಮ ಎದ್ದು ಹೋದ.

ನಾನು ಗಾಜಿಗೆ ಸೋಪಿನ ನೀರು ಚಿಮುಕಿಸಿ, ಹಾಳೆ ಏರಿಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಅಂಚಿಗೆ ಎಳೆಯತೊಡಗಿದೆ. ತಾಯಿ ದನಿ ತಗ್ಗಿಸಿದರು.

"ಏಳು ಗಂಟೆಗೆ ದೊಡ್ಡವನು ನಲ್ಲಿ ಹತ್ರ ಮುಖ ತೊಳೀತಾನಪ್ಪ. ಮಂಡಿ ನೋವು ಅವನಿಗೆ. ಕಮ್ಮಿಯಾ, ಜಾಸ್ತಿಯಾ ಅಂತ ನಡಿಗೆ ನೋಡಿದ್ರೇ ಗೊತ್ತಾಗುತ್ತೆ. ಈ ಕಡೆ ತಿರುಗೋದಿಲ್ಲ, ಹಟಮಾರಿ. ತಿರುಗದಿದ್ರೆ ಬೇಡ. ನಂಗೆ ಕಂಡ್ರೆ ಸಾಕು."

ಅಂಚು ಎದ್ದು ಬರಬಾರದೆಂದು ಚೌಕಟ್ಟಿನ ಬದಿಗೆ ನಾವು ಕೂದಲೆಳೆಯಷ್ಟು ಸಂದು ಬಿಡುತ್ತೇವೆ. ಆ ದಿನ ದಿಂಬಿನ ಮಟ್ಟದಲ್ಲಿ ನನ್ನ ಬ್ಲೇಡು ಬೆರಳಗಲ ಒಳಗೆ ಜಾರಿತು. ತಮ್ಮ ಬಂದು, "ಇದೇನು?" ಎಂದ.

"ಬಿಡಲೇಬೇಕು. ಇಲ್ಲಾಂದ್ರೆ ಬಿಸಿಲಿಗೆ ಸುರುಳಿ ಸುತ್ಕೊಳ್ಳುತ್ತೆ."

ಅರ್ಧ ನಿಜ. ಪೂರ್ತಿ ಸುಳ್ಳಿಗಿಂತ ಅದು ಚೆನ್ನಾಗಿ ಅಂಟುತ್ತದೆ.

ಮೂರು ವಾರದ ಮೇಲೆ ಅಣ್ಣ ಕುಂಟುತ್ತಾ ನಮ್ಮ ಅಂಗಡಿಗೇ ಬಂದ. ಕಿಟಕಿ ಮುಚ್ಚಿಸಿದ್ದು ಅವನಿಗೆ ನಾಟಿತ್ತು. "ನನ್ನ ಮುಖ ಅವರಿಗೆ ಬೇಡವಾದ್ರೆ, ಅವರ ಗೋಡೆ ನಂಗ್ಯಾಕೆ?" ಅಂಗಳದ ಅಂಚಿಗೆ ಕಾಡಿನ ಚಿತ್ರದ ಪರದೆ ಬೇಕಂತೆ, ಎದೆಯೆತ್ತರಕ್ಕೆ.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಎದೆಯೆತ್ತರದ ಪರದೆಯ ಮೇಲೆ ಅವನ ತಲೆಯಾದರೂ ಕಾಣುತ್ತಿತ್ತು. ನಾನೋ ಒಳ್ಳೆಯದು ಮಾಡಲು ಹೋದೆ.

"ಅಮ್ಮ ದಿನಾ ನಿಮ್ಮನ್ನ ನೋಡ್ತಾರೆ. ಕಿಟಕಿ ಅಂಚಲ್ಲಿ ಒಂದು ಸಂದಿದೆ."

ಅವನ ಮುಖ ಕೆಂಪಾಯಿತು. "ಓಹೋ! ಕದ್ದು ನೋಡೋಕೆ ಸಂದೂ ಇಟ್ಕೊಂಡಿದಾನಾ? ಹಾಗಾದ್ರೆ ಎರಡಾಳೆತ್ತರ ಮಾಡಿ."

"ಅವರಲ್ಲ, ಬಿಟ್ಟಿದ್ದು ನಾನು..."

"ನೀವ್ಯಾಕೆ ಬಿಡ್ತೀರಿ? ಅವನ ಪರ ವಕಾಲತ್ತು ಬೇಡ."

ಎಷ್ಟು ಹೇಳಿದರೂ ನಂಬಲಿಲ್ಲ. ನಾನು ಒಲ್ಲೆನೆಂದರೆ ಪಕ್ಕದ ಅಂಗಡಿಯವನು ಕಟ್ಟುತ್ತಿದ್ದ. ಕಡೆಗೆ, "ಕಿಟಕಿಯ ಬದಿಗೂ ಚಿತ್ರ ಹಾಕಿಸಿ, ಇಲ್ಲಾಂದ್ರೆ ಅಮ್ಮನಿಗೆ ಬರೀ ಬಿಳಿ ಕಾಣುತ್ತೆ," ಎಂದೆ.

"ಕಾಣಲಿ."

ಮರುದಿನ ಹಗ್ಗ ಬಿಗಿಯಲು ಪರದೆಯ ಹಿಂದೆ ಹೋದೆ. ಗೋಡೆಗೂ ಪರದೆಗೂ ನಡುವೆ ಒಬ್ಬನು ಅಡ್ಡಡ್ಡ ನುಸುಳುವಷ್ಟೇ ಜಾಗ. ನನ್ನ ನೆರಳು ಗಾಜಿನ ಮೇಲೆ ಬಿದ್ದಿರಬೇಕು.

"ಯಾರು, ದೊಡ್ಡವನೇನೋ? ಬಂದ್ಯಾ ಮಗಾ?" ಎಂದು ಒಳಗಿನಿಂದ ದನಿ ಬಂತು.

"ಅಲ್ಲಮ್ಮ," ಎಂದೆ. ಇನ್ನೂ ನಾಲ್ಕು ಗಂಟು ಹಾಕುವುದಿತ್ತು.