ಹೆಡ್ಲಿಯ ಕೊನೆಯ ಹಾಸು

"ಹೆಡ್ಲಿ ಕೈಗೆ ಕೊಕ್ಕೆ ಕೊಟ್ಟು ಹಾಸು ಮಾಡೋದು ಕಲಿಸಿದವಳೇ ನಾನು. ನಾನಿಲ್ದಿದ್ರೆ ಅವನಿಗೆ ಚಿಂದಿ ಯಾವುದು, ಚಿತ್ರ ಯಾವುದು ಅಂತಾನೇ ಗೊತ್ತಾಗ್ತಿರ್ಲಿಲ್ಲ," ಎಂದೆ, ಹೆಡ್ಲಿಯ ಮಂಚದ ಕೆಳಗೆ ತಲೆ ತೂರಿಸಿಕೊಂಡೇ.

ಮಂಚದ ಆಚೆ ಬದಿಯಲ್ಲಿ ಮಂಡಿಯೂರಿ ಹುಡುಕುತ್ತಿದ್ದ ಹೊಸ ಪಾದ್ರಿ ಭಕ್ತಿಯಿಂದ ತಲೆಯಾಡಿಸಿದರು. ಪಾಪ, ಮೀನುಗಾರರ ಊರಾದ ನಮ್ಮ ಗಲ್ ಕೊಲ್ಲಿಗೆ ಬಂದು ಇನ್ನೂ ಒಂದು ಚಳಿಗಾಲವನ್ನೂ ಕಂಡಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದರು. ಆ ಮಾತಿನಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಆಮೇಲೆ ಹೇಳುತ್ತೇನೆ.

ಮಂಚದ ಕೆಳಗೆ ಒಂಟಿ ಕಾಲುಚೀಲ ಸಿಕ್ಕಿತು, ಒಣಗಿದ ಬಿಸ್ಕತ್ತು ಸಿಕ್ಕಿತು. ನಾವು ಹುಡುಕುತ್ತಿದ್ದ ನೆಲದ ಹಾಸು ಸಿಗಲಿಲ್ಲ.

ಬಾಗಿಲಲ್ಲಿ ಹೆಡ್ಲಿಯ ಮಗಳು ಡಾಫ್ನಿ ನಿಂತಿದ್ದಳು. "ಇಲ್ವಾ, ಎಫಿ ಅತ್ತೆ?" ನೆರೆಮನೆಯವಳಾದ ನನ್ನನ್ನು ಅವಳು ಚಿಕ್ಕಂದಿನಿಂದ ಅತ್ತೆ ಎಂದೇ ಕರೆಯುವುದು.

"ಇಲ್ಲ ಮಗಳೇ. ಅಟ್ಟ ನೋಡಿದ್ಯಾ?"

"ಅಟ್ಟ, ಕೊಟ್ಟಿಗೆ, ದೋಣಿ ಮನೆ, ಎಲ್ಲಾ ನೋಡ್ದೆ. ಹಾಸು ಬಿಗಿಯೋ ಚೌಕಟ್ಟು ಮಾತ್ರ ಖಾಲಿ ನಿಂತಿದೆ."

ಡಾಫ್ನಿ ಸಮುದ್ರದಾಚೆ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ ಬಸ್ಸು ಓಡಿಸುತ್ತಾಳೆ. ಶುಕ್ರವಾರ ಅಪ್ಪ ಫೋನ್ ಮಾಡಿ, "ದೊಡ್ಡ ಹಾಸು ಮುಗೀತು ಕಣೇ. ಭಾನುವಾರ ಊರಿಗೆಲ್ಲ ತೋರಿಸ್ತೀನಿ, ಬಂದುಬಿಡು," ಎಂದಿದ್ದ. ಇವಳು, "ಮುಂದಿನ ತಿಂಗಳು ಬರ್ತೀನಪ್ಪ," ಎಂದಿದ್ದಳು. ಶನಿವಾರ ಸಂಜೆ ಹೆಡ್ಲಿ ಚಹಾ ಕುಡಿಯುತ್ತ ಕುಳಿತವನು ಹಾಗೆಯೇ ಹೋಗಿಬಿಟ್ಟ. ಬಟ್ಟಲಿನಿಂದ ಒಂದು ಹನಿಯೂ ಚೆಲ್ಲಿರಲಿಲ್ಲ. ಅಷ್ಟು ಅಚ್ಚುಕಟ್ಟಿನ ಮನುಷ್ಯ.

ಹಡಗು ಹಿಡಿದು ಬಂದಾಗಿನಿಂದ ಡಾಫ್ನಿ ಹುಡುಕುತ್ತಲೇ ಇದ್ದಳು. ಆ ಹಾಸನ್ನು ನೋಡದೆ ಅಪ್ಪನನ್ನು ಮನೆಯಿಂದ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದಳು. ಹೊರಗೆ ಸಮಾಧಿ ತೋಡಿಯಾಗಿತ್ತು. ಹೊರುವವರು ಬಂದಾಗಿತ್ತು. ಹೆಡ್ಲಿಯ ಅಣ್ಣ ಎಲಾಮ್ ಟೋಪಿಯನ್ನು ಹಿಂಡುತ್ತ, "ಹೊತ್ತಾಯ್ತು, ಹೊತ್ತಾಯ್ತು," ಎಂದು ಶವಪೆಟ್ಟಿಗೆ ಇಟ್ಟಿದ್ದ ಮುಂದಿನ ಕೋಣೆಯಲ್ಲಿ ಶತಪಥ ತಿರುಗುತ್ತಿದ್ದ.

*

ಹಾಸು ಮಾಡುವುದು ನಮ್ಮ ಕಡೆ ಹೆಂಗಸರ ಕೆಲಸ. ಗೋಣಿತಟ್ಟನ್ನು ಚೌಕಟ್ಟಿಗೆ ಬಿಗಿದು, ಹಳೆಯ ಬಟ್ಟೆಯ ಪಟ್ಟಿಗಳನ್ನು ಕೊಕ್ಕೆಯಿಂದ ಕುಣಿಕೆ ಕುಣಿಕೆಯಾಗಿ ಮೇಲೆಳೆಯಬೇಕು. ಆದರೆ ಗೋಣಿಯ ಮೇಲೆ ಮೊದಲು ಚಿತ್ರ ಬರೆಯುವುದು ಕೈ ನೆಟ್ಟಗಿರುವ ಯಾವನಾದರೂ ಗಂಡಸು. ನಾವು ಚಿಕ್ಕವರಿದ್ದಾಗ ಆ ಕೈ ಹೆಡ್ಲಿಯದು. ಸುಟ್ಟ ಕಡ್ಡಿ ಹಿಡಿದನೆಂದರೆ ಹಾಯಿದೋಣಿ ಗೋಣಿಯ ಮೇಲೆಯೇ ಗಾಳಿ ಕುಡಿದು ಉಬ್ಬುತ್ತಿತ್ತು. ಅವನು ಬರೆದ ಬೆಕ್ಕಿಗೆ ನಮ್ಮಮ್ಮ ಹಾಲಿಟ್ಟಿದ್ದಳು ಎಂದು ನಾನು ಹೇಳುತ್ತಿರುತ್ತೇನೆ. ಅಷ್ಟಿಲ್ಲದಿದ್ದರೂ ಸುಮಾರಾಗಿ ಹಾಗೆಯೇ.

ಆಮೇಲೆ ಅವನನ್ನು ಅವನಪ್ಪ ದೋಣಿ ಹತ್ತಿಸಿದ. ಕಡ್ಡಿ ಹಿಡಿದ ಕೈ ಹುಟ್ಟು ಹಿಡಿಯಿತು, ಬಲೆ ಹಿಡಿಯಿತು. ಮದುವೆ, ಮಗಳು, ಹೆಂಡತಿಯ ಕಾಯಿಲೆ, ಹೆಂಡತಿಯ ಸಾವು. ಕೊನೆಗೆ ಸಮುದ್ರದಲ್ಲಿ ಮೀನೇ ಉಳಿದಿಲ್ಲವೆಂದು ಸರ್ಕಾರ ಬಲೆ ಹಾಕುವುದನ್ನೇ ನಿಲ್ಲಿಸಿತು. ದೋಣಿಗಳನ್ನು ದಡಕ್ಕೆಳೆದು ಮಗುಚಿದರು. ಹೆಡ್ಲಿ ಅಡುಗೆಮನೆಯ ಕಿಟಕಿಯ ಹತ್ತಿರ ಕುಳಿತ. ಚಳಿಗಾಲ ಬಂತು, ಹೋಯಿತು. ಅವನು ಏಳಲಿಲ್ಲ.

ಒಂದು ದಿನ ನಾನೇ ಗೋಣಿತಟ್ಟು ಎತ್ತಿಕೊಂಡು ಹೋದೆ. "ಏಯ್ ಹೆಡ್ಲಿ, ನನಗೊಂದು ದೋಣಿ ಬರ್ಕೊಡು. ಕೂತು ಕೂತು ಕುರ್ಚಿಗೇ ಬೇರು ಬಿಟ್ಟಿದ್ದೀಯ."

"ಮರೆತೋಗಿದೆ ಎಫಿ."

"ಸುಳ್ಳು ಹೇಳ್ಬೇಡ. ಎಷ್ಟು ಮುದಿಯನಾದ್ರೂ ನನ್ನ ಕಂಡ್ರೆ ಕಣ್ಣು ಮಿಟುಕಿಸೋದು ಮರೆತಿಲ್ಲ ನೀನು."

ಅವನು ಎಂದೂ ಕಣ್ಣು ಮಿಟುಕಿಸಿರಲಿಲ್ಲ. ಆದರೂ ನಾಚಿಕೊಂಡು ಒಲೆಯಿಂದ ಕಡ್ಡಿ ತೆಗೆದ. ಮೊದಲ ಗೆರೆ ನಡುಗಿತು. ಎರಡನೆಯದು ನಡುಗಲಿಲ್ಲ. ಸಂಜೆಯ ಹೊತ್ತಿಗೆ ಗೋಣಿಯ ಮೇಲೆ ಅವನ ತಾಯಿ ದೋಣಿ ಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಈಗ ಬೈಯುತ್ತಾಳೆ ಎನ್ನುವ ಹಾಗೆ. ನಾನು ಮಡಚಿ ಎತ್ತಿಕೊಳ್ಳಲು ಹೋದರೆ ಅವನು ಬಿಡಲಿಲ್ಲ.

"ನಿನ್ನ ಕೈಗೆ ಕೊಟ್ರೆ ನಮ್ಮಮ್ಮನ್ನ ಆಲೂಗಡ್ಡೆ ಮೂಟೆ ಮಾಡ್ತೀಯ. ಕೊಕ್ಕೆ ಕೊಡಿಲ್ಲಿ."

ಕೊಕ್ಕೆ ಕೊಟ್ಟವಳು ನಾನು. ಅದು ನಿಜದ ಅರ್ಧ. ಕಲಿಸಿದೆ ಎನ್ನುವುದು ಸುಳ್ಳು. ತನ್ನ ತಾಯಿಯ ಹರಿದ ಹಾಸೊಂದನ್ನು ಒಂದೊಂದೇ ಕುಣಿಕೆ ಬಿಚ್ಚಿ ನೋಡಿ ತಾನೇ ಕಲಿತ.

ಊರು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಎಲಾಮ್. ಅಂಗಡಿಯ ಮುಂದೆ ನಾಲ್ಕು ಜನ ಕೇಳುವಂತೆ, "ಲಂಗ ಯಾವಾಗ ಹಾಕ್ಕೊತೀಯೋ ತಮ್ಮ?" ಎಂದ.

ಹೆಡ್ಲಿ, "ನಿನ್ನ ಹೆಂಡ್ತೀದು ಕೊಡು, ಹಾಕ್ಕೊಳ್ಳಲ್ಲ, ಹರೀತೀನಿ. ಬಣ್ಣ ಚೆನ್ನಾಗಿದೆ," ಎಂದ.

ಅಲ್ಲಿಂದ ಯಾರ ಮನೆಯ ಹಳೆಯ ಬಟ್ಟೆಗೂ ಉಳಿಗಾಲವಿರಲಿಲ್ಲ. ಸತ್ತ ನನ್ನ ಗಂಡನ ಕೆಂಪು ಉದ್ದ ಚಡ್ಡಿಯನ್ನೂ ಕೇಳಿ ಇಸಿದುಕೊಂಡು ಹೋದ. ನಕ್ಕವರ ಮನೆಗಳಿಗೆಲ್ಲ ಹಾಸು ಮಾಡಿ ಕೊಟ್ಟ. ಆಮೇಲೆ ಯಾರೂ ನಗಲಿಲ್ಲ, ಎಲಾಮ್ ಒಬ್ಬನನ್ನು ಬಿಟ್ಟು.

*

"ಇನ್ನು ಹುಡುಕಿದ್ದು ಸಾಕು," ಎಂದ ಎಲಾಮ್. "ಮನಸ್ಸಿಗೆ ಬರದೆ ಒಲೆಗೆ ಹಾಕಿರ್ತಾನೆ. ಎತ್ತೋಣ ನಡೀರಿ."

"ಒಲೆಗೆ ಹಾಕೋನು ನನ್ಯಾಕೆ ಕರೀತಿದ್ದ ದೊಡ್ಡಪ್ಪ?" ಡಾಫ್ನಿ ಅವನಿಗೆ ಅಡ್ಡ ನಿಂತಳು. "ನಾನು ಒಂದ್ಸಲವೂ ಅವನ ಕೆಲಸ ನೋಡಕ್ಕೆ ಬರ್ಲಿಲ್ಲ. ಇದೊಂದನ್ನಾದ್ರೂ ಅವನ ಮುಂದೆ ನಿಂತು ನೋಡ್ಬೇಕು. ಮಣ್ಣು ಹಾಕಿದ್ಮೇಲೆ ನೋಡಿ ಏನು ಮಾಡ್ಲಿ?"

ನಾನು ಕಾಕಂಬಿ ಬೆರೆಸಿದ ಸಿಹಿ ಬ್ರೆಡ್ಡಿನ ತಟ್ಟೆ ಹಿಡಿದು ಓಡಾಡಿದೆ. ಯಾರೂ ಕೈ ಹಾಕಲಿಲ್ಲ.

ಆಗ ಪಾದ್ರಿ ಮೆಲ್ಲಗೆ ಕೆಮ್ಮಿದರು. "ಒಂದು ಮಾತು ಕೇಳ್ಲಾ? ಮನೇಲಿ ಎಲ್ಲಾ ಹಾಸಿನ ಮೇಲೂ ಚಿತ್ರ ಕಾಣ್ತಿದೆ. ಈ ಪೆಟ್ಟಿಗೆ ಕೆಳಗಿನದೊಂದು ಯಾಕೆ ಹೀಗೆ ಬೋಳು?"

ನಾವೆಲ್ಲ ಒಟ್ಟಿಗೆ ನಮ್ಮ ಬೂಟುಗಳನ್ನು ನೋಡಿಕೊಂಡೆವು.

ನಮ್ಮಲ್ಲಿ ವಾರವಿಡೀ ಹಾಸು ಬೋರಲೇ ಬಿದ್ದಿರುತ್ತದೆ. ಭಾನುವಾರವೋ ಪಾದ್ರಿ ಬಂದಾಗಲೋ ಮಾತ್ರ ಮಗುಚಿ ಚಿತ್ರ ಮೇಲೆ ಮಾಡುತ್ತೇವೆ. ಹೆಡ್ಲಿಯಂತೂ ಬೂಟು ತಾಗಿ ಕುಣಿಕೆ ಸವೆಯದಿರಲೆಂದು ಬೆನ್ನಿಗೆ ಇನ್ನೊಂದು ಗೋಣಿ ಹೊಲಿಯುತ್ತಿದ್ದ. ಸಾವಿನ ಮನೆಗೆ ಪಾದ್ರಿ ಬರುತ್ತಾರೆಂದು ನಾನೇ ಮನೆಯ ಹಾಸುಗಳನ್ನೆಲ್ಲ ಮಗುಚಿದ್ದೆ. ಪೆಟ್ಟಿಗೆಯ ಕೆಳಗಿನದನ್ನು ಹೇಗೆ ಮಗುಚುವುದು? ಭಾನುವಾರ ನಾನು ಬರುವ ಮೊದಲೇ ಎಲಾಮ್ ಪೆಟ್ಟಿಗೆ ತಂದು, "ಇಲ್ಲೇ, ಈ ಹಾಸಿನ ಮೇಲೇ," ಎಂದು ಕುರ್ಚಿ ಹಾಕಿಸಿ ಇಡಿಸಿದ್ದ. ಅಂದಿನಿಂದ ಊರಿಗೆ ಊರೇ ಅದರ ಬೆನ್ನಿನ ಮೇಲೆ ನಿಂತು ಅತ್ತು ಹೋಗಿತ್ತು.

"ಅದು ಹಳೇದು, ಬಿಡ್ರಿ," ಎಂದ ಎಲಾಮ್.

"ಹಳೇದಾದ್ರೆ ಗೋಣಿ ಯಾಕೋ ಹೊಸ ಮದುಮಗನ ಹಾಗಿದೆ?" ಎಂದೆ.

ಎಲಾಮನ ಕಿವಿ ಕೆಂಪಾಯಿತು.

ಆದರೆ ಒಂದು ತೊಡಕಿತ್ತು. ಎತ್ತಿದ ಪೆಟ್ಟಿಗೆಯನ್ನು ಮನೆಯೊಳಗೆ ಮತ್ತೆ ಇಳಿಸುವ ಹಾಗಿಲ್ಲ. ಇಳಿಸಿದರೆ ವರ್ಷ ತುಂಬುವುದರೊಳಗೆ ಅದೇ ಮನೆಯಿಂದ ಇನ್ನೊಬ್ಬರು ಹೊರಡುತ್ತಾರೆ.

"ಎತ್ಕೊಂಡು ನಿಂತಿರಿ," ಎಂದಳು ಡಾಫ್ನಿ. "ನಾನು, ಅತ್ತೆ ಮಗುಚ್ತೀವಿ."

ಹೊರುವವರಲ್ಲಿ ನೆಟ್ಟಗೆ ನಿಲ್ಲುವ ಬೆನ್ನು ಒಂದೂ ಇರಲಿಲ್ಲ. ಆದರೂ ಎತ್ತಿದರು. ಎಲಾಮ್ ಮುಂದಿನ ಮೂಲೆ ಹಿಡಿದ. ಏದುಸಿರು ಬಿಡುತ್ತ ಹಿಂದೆ ಸರಿದು ಕಿಟಕಿಯ ಗೋಡೆಗೆ ಒರಗಿದರು. ಪಾದ್ರಿ ಕುರ್ಚಿ ತೆಗೆದರು. ಡಾಫ್ನಿ ಒಂದು ತುದಿ, ನಾನೊಂದು ತುದಿ. ಒಂದು ಇಡೀ ತಿಮಿಂಗಿಲವನ್ನೇ ಮಗುಚಿದಷ್ಟು ಭಾರ.

ದೊಪ್ಪೆಂದು ಬಿತ್ತು.

ನಮ್ಮ ಕೊಲ್ಲಿಯೇ ನೆಲದ ಮೇಲೆ ಬಿದ್ದಿತ್ತು. ಪ್ರತಿ ಮನೆ, ಪ್ರತಿ ಬೇಲಿ. ಮಗುಚಿಟ್ಟ ದೋಣಿಗಳೆಲ್ಲ ನೀರಿಗಿಳಿದಿದ್ದವು. ನನ್ನ ಅಂಗಳದ ಹಗ್ಗದ ಮೇಲೆ ನನ್ನ ಗಂಡನ ಕೆಂಪು ಚಡ್ಡಿ ಬಾವುಟದಂತೆ ಹಾರುತ್ತಿತ್ತು. ರಾಣಿಯ ಬಾವುಟವೂ ಅಷ್ಟು ಠೀವಿಯಿಂದ ಹಾರಿದ್ದನ್ನು ನಾನು ನೋಡಿಲ್ಲ. ಸಮುದ್ರದ ನಡುವೆ, ದೋಣಿಗಳ ಪಕ್ಕ, ಒಂದು ಹಳದಿ ಬಸ್ಸು ಊರಿನ ಕಡೆ ಬರುತ್ತಿತ್ತು. ಚಾಲಕಿಗೆ ಡಾಫ್ನಿಯದೇ ಮೊಂಡು ಮೂಗು.

ಡಾಫ್ನಿ ಮಂಡಿಯೂರಿ ಕುಳಿತಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಬಸ್ಸಿಗೆ ಚಕ್ರಾನೇ ಹಾಕಿಲ್ಲ ಅತ್ತೆ."

"ನೀರ ಮೇಲೆ ಬರೋ ಬಸ್ಸಿಗೆ ಚಕ್ರ ಯಾಕೆ ಮಗಳೇ?"

ಅವಳು ತಲೆಯೆತ್ತಿ ಪೆಟ್ಟಿಗೆಯನ್ನು ನೋಡಿದಳು. "ನೋಡ್ದೆ ಅಪ್ಪ," ಎಂದಳು. "ಬಂದೆ, ನೋಡ್ದೆ."

ಅಷ್ಟರಲ್ಲಿ ಹೊರುವವರಲ್ಲೊಬ್ಬ ನಕ್ಕು ಪೆಟ್ಟಿಗೆಯನ್ನು ಅಲುಗಾಡಿಸಿಬಿಟ್ಟ. "ಏಯ್ ಎಲಾಮ್, ಅಲ್ಲಿ ನಿಮ್ಮನೆ ಹಿಂದುಗಡೆ ಕೂತಿರೋನು ಯಾರೋ?"

ಎಲಾಮನ ಮನೆಯ ಹಿಂದೆ ಬೋಳುತಲೆಯ ಒಬ್ಬ ಮುದುಕ ಬಾಗಿಲಿಗೆ ಬೆನ್ನು ಹಾಕಿ ಕಳ್ಳನಂತೆ ಕುಳಿತಿದ್ದ. ಮುಂದೆ ಚೌಕಟ್ಟು, ಕೈಯಲ್ಲಿ ಕೊಕ್ಕೆ.

ಇಡೀ ಕೋಣೆ ನಕ್ಕಿತು. ಎಲಾಮ್ ಬೈಯುತ್ತಾನೆಂದು ಕಾದೆ. ಅವನು ಹಾಸನ್ನೇ ನೋಡುತ್ತಿದ್ದ, ತೊಟ್ಟಿಲಲ್ಲಿರುವ ಮಗುವನ್ನು ನೋಡುವ ಹಾಗೆ.

"ಕೈ ಬಿದ್ದೋಗ್ತಿದೆ, ನಡೀರಪ್ಪ," ಎಂದು ಹಿಂದಿನವನು ಬಾಗಿಲ ಕಡೆ ಕಾಲೆತ್ತಿದ. ಬಾಗಿಲು ಹಾಸಿನ ಆಚೆಗಿತ್ತು.

"ಬೂಟು ಇಟ್ಟೀಯ, ಜೋಕೆ!" ಎಲಾಮ್ ಗುಡುಗಿದ. "ಒಂದು ಕುಣಿಕೆ ಸವೆದ್ರೂ ಕಾಲು ಮುರೀತೀನಿ. ಪಾದ್ರಿಗಳೇ, ಕಿಟಕಿ ತೆಗೀರಿ!"

ಹೀಗೆ ಹೆಡ್ಲಿ ಕಿಟಕಿಯಿಂದ ಹೊರಟ. ನಮ್ಮ ಕೊಲ್ಲಿಯಲ್ಲಿ ಬಿಷಪ್ಪರಿಗೂ ಅಂಥ ದಾರಿ ಬಿಟ್ಟಿದ್ದಿಲ್ಲ. ಒಳಗಿನವರು ದಾಟಿಸಿದರು, ಅಂಗಳದವರು ತೋಳು ಚಾಚಿ ಹಿಡಿದರು. ಒಬ್ಬೊಬ್ಬರಾಗಿ ಎಲ್ಲರೂ ಅದೇ ಕಿಟಕಿಯಿಂದ ಇಳಿದರು, ಪಾದ್ರಿಯೂ ನಿಲುವಂಗಿ ಎತ್ತಿಕೊಂಡು.

ನಾನು ಕೊನೆಯವಳು. ಇಳಿಯುವ ಮುಂಚೆ ಬಗ್ಗಿ ಹಾಸನ್ನು ಸವರಿ ನೋಡಿದೆ. ಮನೆ, ನೀರು, ಬಸ್ಸು, ಎಲ್ಲ ಹೆಡ್ಲಿಯ ಕೈ. ಕುಣಿಕೆಗಳೆಲ್ಲ ಒಂದೇ ಎತ್ತರ, ಈಗ ತಾನೇ ಬಾಚಿದ ಹಾಗೆ. ಆದರೆ ಮೇಲಿನ ಆಕಾಶವಿದೆಯಲ್ಲ, ಅದು ಹಾಗಿರಲಿಲ್ಲ. ಒಂದು ಕುಣಿಕೆ ಉದ್ದ, ಒಂದು ಗಿಡ್ಡ, ಕೆಲವು ಸಿಟ್ಟಿನಿಂದ ಎಳೆದಂತೆ ಬಿಗಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವಷ್ಟರಲ್ಲಿ ಆ ಕೈ ಸ್ವಲ್ಪ ಸ್ವಲ್ಪವೇ ಸುಧಾರಿಸಿತ್ತು.

ಕಿಟಕಿಯಾಚೆ ಎಲಾಮ್ ಪೆಟ್ಟಿಗೆಯ ಮುಂದಿನ ಮೂಲೆ ಹೊತ್ತು, ತಾನೇ ಮದುಮಗನೇನೋ ಎಂಬಂತೆ ಎದೆಯುಬ್ಬಿಸಿ ನಡೆಯುತ್ತಿದ್ದ.

ಆ ಆಕಾಶ ಯಾರದು? ನಾನಂತೂ ಹೇಳುವುದಿಲ್ಲ. ನೀವೇ ಹೇಳಿ ನೋಡೋಣ.