ಬುರುಜು ಕಾಣುವ ಬೀದಿ

“ಇನ್ನೊಂಚೂರು ಎಡಕ್ಕೆ... ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!” ಎದುರಂಗಡಿಯ ದರ್ಜಿ ಬೀದಿಯಲ್ಲಿ ನಿಂತುಕೊಂಡೇ ಕೂಗುತ್ತಿದ್ದ.

ನಾಲ್ವರು ಗಂಡಸರು ಹೊತ್ತಿದ್ದ ಶವಪೆಟ್ಟಿಗೆ ಒಳಕೋಣೆಯ ಬಾಗಿಲು ದಾಟಿ, ಅರ್ಧ ಅಂಗಡಿಗೆ ಬಂದು, ಕನ್ನಡಕದ ಫ್ರೇಮುಗಳನ್ನು ಸಾಲಾಗಿ ಇಟ್ಟಿದ್ದ ಗಾಜಿನ ಬೀರುವಿಗೆ ತಗುಲಿ ನಿಂತುಬಿಟ್ಟಿತ್ತು. ಮುಂದೆ ಬರುವಂತಿಲ್ಲ, ಹಿಂದೆ ಹೋಗುವಂತಿಲ್ಲ. ತಲೆಯ ಕಡೆ ಹಿಡಿದಿದ್ದ ಮಗನ ಮುಖ ಕೆಂಪಾಗಿತ್ತು. ಅದು ಅತ್ತದ್ದಕ್ಕೋ ಭಾರಕ್ಕೋ ಹೇಳುವುದು ಕಷ್ಟವಾಗಿತ್ತು.

“ಬೀರು ಸರಿಸದೆ ಆಗಲ್ಲ. ಹಾಗೇ ಹಿಡ್ಕೊಂಡಿರಿ,” ಎಂದಳು ಸೊಸೆ.

ಅವಳು ಫ್ರೇಮುಗಳನ್ನು ಬಾಚಿ ಬಾಚಿ ಒಂದು ಬುಟ್ಟಿಗೆ ಹಾಕಿದಳು. ಆ ಬೀರುವನ್ನು ಅತ್ತೆ ತನ್ನ ಜೀವಮಾನದಲ್ಲಿ ಕದಲಿಸಿದವಳಲ್ಲ. ಬೆನ್ನು ಕೊಟ್ಟು ನೂಕಿದಾಗ ಅದು ಕರಕರ ಎನ್ನುತ್ತ ಗೋಡೆಗೆ ಒರಗಿತು; ಕೆಳಗಿನ ನೆಲ ಹೊಸದಾಗಿ ಹಾಸಿದ ಹಾಗೆ ಹೊಳೆಯುತ್ತಿತ್ತು.

“ಬದುಕಿದ್ದಾಗಲೂ ಅಷ್ಟೇ,” ದರ್ಜಿ ಪಕ್ಕದವರಿಗೆ ಮೆಲ್ಲಗೆ ಹೇಳಿದ. “ಯಾರು ಬಂದು ನೂಕಿದ್ರೂ ಜಗ್ಗುತ್ತಿರಲಿಲ್ಲ.”

ಕೇಳಿದವರು ನಕ್ಕರು. ಆಮೇಲೆ ಸಾವಿನ ಮನೆ ಎಂಬುದು ನೆನಪಾಗಿ ಗಂಟಲು ಸರಿಮಾಡಿಕೊಂಡರು.

ಪೆಟ್ಟಿಗೆ ಬಿಸಿಲಿಗೆ ಬಂತು. ಅದನ್ನು ಇಳಿಸಲು ದರ್ಜಿ ತನ್ನ ಬಟ್ಟೆ ಕತ್ತರಿಸುವ ಮೇಜನ್ನೇ ಹೊರಗೆ ಹಾಕಿಸಿದ್ದ. ಊರವರ ಬಾಯಲ್ಲಿ ‘ಕನ್ನಡಕದಮ್ಮ’ ಆಗಿದ್ದ ಹೆಂಗಸು ಹೀಗೆ ಕೊನೆಯ ಸಲ ತನ್ನ ಬೀದಿಯಲ್ಲಿ ಮಲಗಿದಳು. ಗಾಡಿ ಇನ್ನೂ ಬಂದಿರಲಿಲ್ಲ. ಬಂದವರೆಲ್ಲ ಎರಡೂ ಬದಿಯ ಅಂಗಡಿಗಳ ನೆರಳು ಹಿಡಿದು ನಿಂತರು. ಬೀದಿಯ ತುದಿಯಲ್ಲಿ ಮಹಡಿಮನೆಗಳ ಒಂದು ತಗ್ಗು ಕಟ್ಟಡ, ಅದರ ತಲೆಯ ಮೇಲೆ ಗುಡ್ಡ, ಗುಡ್ಡದ ಮೇಲೆ ಹಳೆಯ ಕೋಟೆಯ ಬುರುಜು. ಮಾತು ಆ ಕಡೆ ತಿರುಗದೆ ಇರುವುದು ಸಾಧ್ಯವೇ ಇರಲಿಲ್ಲ.

“ನೋಡಿ, ಅದು ಈಗ ಹೀಗೆ ಕಾಣ್ತಿದೆ ಅಂದ್ರೆ ಈಯಮ್ಮನಿಂದ,” ಎಂದ ದರ್ಜಿ. ಸೊಸೆಯ ಕಡೆ ತಿರುಗಿ, “ನೀವು ಪುಣ್ಯ ಮಾಡಿದ್ರಿ, ಇಂಥ ಅತ್ತೆ ಸಿಗೋಕೆ,” ಎಂದ.

ಸೊಸೆ ತಲೆಯಾಡಿಸಿದಳು. ಸಾವಿನ ದಿನ ಅದಕ್ಕಿಂತ ಹೆಚ್ಚಿಗೆ ಏನು ಹೇಳಲಿಕ್ಕಾಗುತ್ತದೆ?

*

ಅಂಗಡಿ ಹಾಕಿದ್ದು ಕನ್ನಡಕದಮ್ಮನ ಗಂಡ. ಮಗ ಇನ್ನೂ ಶಾಲೆಯಲ್ಲಿರುವಾಗಲೇ ಅವನು ತೀರಿಕೊಂಡ. ಅಂಗಡಿ ಮುಚ್ಚಿ ಅಣ್ಣನ ಮನೆ ಸೇರುತ್ತಾಳೆ ಎಂದು ಎಲ್ಲರೂ ಲೆಕ್ಕ ಹಾಕಿದ್ದರು. ಅವಳು ಮಸೂರ ಉಜ್ಜುವುದನ್ನು ಕಲಿತಳು, ಕಣ್ಣು ಪರೀಕ್ಷಿಸುವುದನ್ನೂ ಕಲಿತಳು. ಅಕ್ಷರದ ಚಾರ್ಟು ಗೋಡೆಯ ಮೇಲೆ ಇತ್ತು, ಆದರೆ ಅವಳಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. “ಜನ ಅದನ್ನ ಬಾಯಿಪಾಠ ಮಾಡ್ಕೊಂಡು ಬರ್ತಾರೆ,” ಎನ್ನುತ್ತಿದ್ದಳು. ಹೊಸ ಕನ್ನಡಕ ಮೂಗಿನ ಮೇಲೆ ಕೂರಿಸಿದ ಮೇಲೆ ಗಿರಾಕಿಯ ಭುಜ ಹಿಡಿದು ಬಾಗಿಲಿಗೆ ಕರೆತರುತ್ತಿದ್ದಳು. “ನೋಡಿ. ಬುರುಜಿನಲ್ಲಿ ಎಷ್ಟು ಕಿಂಡಿ ಕಾಣ್ತವೆ?” ಕಿಂಡಿ ಎಣಿಸಲು ಬಂದರೆ ಕನ್ನಡಕ ಸರಿ. ಕೆಲವರು ಎಣಿಸುವುದನ್ನು ಮರೆತು ಸುಮ್ಮನೆ ನೋಡುತ್ತ ನಿಂತುಬಿಡುತ್ತಿದ್ದರು. ವರ್ಷಗಟ್ಟಲೆ ಮಬ್ಬಾಗಿದ್ದದ್ದು ಒಮ್ಮೆಲೇ ಅಂಚು ಸಮೇತ ಕಣ್ಣಿಗೆ ಬಿದ್ದರೆ ಯಾರಾದರೂ ಹಾಗೆಯೇ ನಿಲ್ಲುತ್ತಾರೆ. ಅವಳು ಅವಸರ ಮಾಡುತ್ತಿರಲಿಲ್ಲ.

ಬೀದಿಯ ತುದಿಯಲ್ಲಿದ್ದ ಹಳೆಯ ಹತ್ತಿ ಗೋದಾಮನ್ನು ಕೆಡವಿ ಊರಲ್ಲೇ ಎತ್ತರದ ಕಟ್ಟಡ ಬರುತ್ತದೆ ಎಂಬ ಸುದ್ದಿ ಬಂದಾಗ ಮೊದಲು ಖುಷಿಪಟ್ಟವಳು ಸೊಸೆ. ಗಂಡ, ಅವಳು, ಇಬ್ಬರು ಮಕ್ಕಳು ಎಲ್ಲರೂ ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಮಲಗುತ್ತಿದ್ದರು. ಮಸೂರ ಉಜ್ಜುವ ಯಂತ್ರವೂ ಅಲ್ಲೇ. ಮಹಡಿಯ ಮೇಲಿನ ದೊಡ್ಡ ಕೋಣೆ ಅತ್ತೆಯದು. ಗಂಡಹೆಂಡತಿ ಸೇರಿ, ಅತ್ತೆಗೆ ಹೇಳದೆ, ಮೇಲಿನ ಅಂತಸ್ತಿನಲ್ಲಿ ಒಂದು ಮನೆ ಕಾದಿರಿಸಿದರು. ಪಾಯ ಹಾಕುವ ಮೊದಲೇ ಸೊಸೆ ಅಡುಗೆಮನೆಗೆ ಬಣ್ಣ ಆರಿಸಿಟ್ಟಿದ್ದಳು.

ಅಷ್ಟರಲ್ಲಿ ಅತ್ತೆ ನಗರಸಭೆಗೆ ಹೋಗಿ ಆಕ್ಷೇಪ ಹೇಳಿ ಬಂದಿದ್ದಳು.

ಅಹವಾಲು ಸಭೆಯಲ್ಲಿ ಅವಳ ಮಾತು ನೆಟ್ಟಗೆ ಆಗಲಿಲ್ಲ. ಬಿಲ್ಡರ್ ಪರ ವಕೀಲ ಎದ್ದು, “ತಾಯಿ, ನಿಮ್ಮ ಗಿರಾಕಿಗಳು ಕಿಂಡಿ ಎಣಿಸ್ಲಿ ಅಂತ ಊರೇ ಬೆಳೆಯದೆ ಕೂತಿರಬೇಕಾ?” ಎಂದು ಕೇಳಿದ್ದಕ್ಕೆ ಸಭೆ ಗೊಳ್ಳೆಂದಿತು. ಅವಳು ಕೂತುಬಿಟ್ಟಳು. ಮನೆಗೆ ಬಂದು ಚಪ್ಪಲಿ ಬಿಡುತ್ತ, “ಅವನು ಕೇಳಿದ್ದೂ ಸರೀನೇ,” ಎಂದಳು. ಸೊಸೆಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆದರೆ ನಗರಸಭೆಯ ಅಧಿಕಾರಿ ಎರಡೂ ಕಡೆಯವರ ತಗಾದೆ ಸಾಕಾಗಿ, ಕಟ್ಟಡ ಎಷ್ಟು ಎತ್ತರ ಬರುತ್ತದೋ ಅಷ್ಟು ಎತ್ತರಕ್ಕೆ ಒಂದು ಬಲೂನು ಹಾರಿಸಿ, ಜನ ಕಣ್ಣಾರೆ ನೋಡಲಿ ಎಂದ. ಬಿಲ್ಡರ್ ನಗುತ್ತಲೇ ಒಪ್ಪಿಕೊಂಡ.

ಅಂದು ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ಗೋದಾಮಿನ ಬಯಲಿನಿಂದ ಕೆಂಪು ಬಲೂನು ಹಗ್ಗ ಎಳೆದುಕೊಂಡು ಏರತೊಡಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಅದು ಗುಡ್ಡದ ಬುಡ ದಾಟಿತು, ನಡು ದಾಟಿತು, ಬುರುಜನ್ನೂ ದಾಟಿ, ಅದರ ನೆತ್ತಿಗಿಂತ ಮೇಲೆ ಹೋಗಿ ನಿಂತಿತು. ಚಪ್ಪಾಳೆ ತಾನಾಗಿ ನಿಂತಿತು. ಬಲೂನಿನಿಂದ ನೆಲದವರೆಗೆ ಗೋಡೆಯೊಂದನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದರು. “ಅಂದ್ರೆ ಏನೂ ಕಾಣಲ್ವಾ?” ಎಂದ ದರ್ಜಿ, ಅಲ್ಲಿಯವರೆಗೆ ಅವನು ಯಾವ ಪಕ್ಷವನ್ನೂ ಹಿಡಿದಿರಲಿಲ್ಲ.

ಸೊಸೆ ಮಾತ್ರ ಬೇರೆ ಲೆಕ್ಕದಲ್ಲಿದ್ದಳು. ಬಲೂನಿಗಿಂತ ಒಂದಿಷ್ಟು ಕೆಳಗೆ, ಹಗ್ಗ ಗಾಳಿಗೆ ಬಾಗಿದ್ದ ಕಡೆ, ತನ್ನ ಅಡುಗೆಮನೆ ಇದೆ ಎಂದುಕೊಂಡು ಅಲ್ಲೇ ನೋಡುತ್ತಿದ್ದಳು.

“ನಿಂದು ಎಷ್ಟನೇ ಅಂತಸ್ತು?” ಪಕ್ಕದಲ್ಲಿ ನಿಂತಿದ್ದ ಅತ್ತೆ ಕೇಳಿದಳು.

ಸೊಸೆ ಥಟ್ಟನೆ ತಿರುಗಿದಳು. “ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮೊದಲಿಂದ?”

“ಮೊದಲಿಂದ.”

“ಆದ್ರೂ ಹೋಗಿ ಆಕ್ಷೇಪ ಹೇಳಿ ಬಂದ್ರಿ?”

“ಮನೆ ಇನ್ನೊಂದು ಕಡೆ ಕಟ್ಟಬಹುದು,” ಎಂದಳು ಅತ್ತೆ, ಬಲೂನಿನಿಂದ ಕಣ್ಣು ತೆಗೆಯದೆ. “ಬುರುಜನ್ನ ಎಲ್ಲಿಗೆ ಎತ್ತಿಡ್ತೀಯ?”

*

“ಎಲ್ಲರೂ ಹೊಗಳ್ತಾರೆ. ನನ್ನ ಮನೆ ಹೋಯ್ತಲ್ಲ, ಅದನ್ನ ಯಾರು ಹೇಳೋರು?”

ನೆರಳಿನ ಗುಂಪಿನಿಂದ ಈ ಮಾತು ಬಂದಾಗ ದರ್ಜಿ ಕತ್ತು ಚಾಚಿ ನೋಡಿದ. ಮಾತಾಡಿದವಳು ನಗರ ಬಸ್ಸು ಓಡಿಸುವ ಹೆಂಗಸು. ಖಾಕಿ ಅಂಗಿಯಲ್ಲೇ, ಪಾಳಿ ಮುಗಿಸಿ ನೇರ ಬಂದಿದ್ದಳು.

“ಅವರು ಕಟ್ಟಡದ ಎತ್ತರ ಕತ್ತರಿಸಿದ್ರು, ನಾನು ಬುಕ್ ಮಾಡಿದ್ದ ಅಂತಸ್ತು ಗಾಳಿಗೆ ಹೋಯ್ತು. ಈಗ ಗುಡ್ಡದ ಆಚೆ ಕಡೆ ಇದ್ದೀನಿ. ಡಿಪೋಗೆ ಬರೋಕೆ ನಾನೇ ಎರಡು ಬಸ್ಸು ಹತ್ತಬೇಕು. ಬಸ್ಸು ಓಡಿಸೋಳು ಬಸ್ಸಿಗೆ ಕಾಯೋದು!”

“ಇವತ್ತು ಆಡೋ ಮಾತಾ ಇದು?” ಎಂದ ದರ್ಜಿ.

“ಇರಲಿ ಬಿಡಿ,” ಎಂದಳು ಸೊಸೆ. ಡ್ರೈವರಮ್ಮನಿಗೆ ಚಹಾ ಕೊಡುತ್ತ, “ನಂದೂ ಹೋಯ್ತು. ನಿಮಗಿಂತ ಒಂದು ಅಂತಸ್ತು ಮೇಲೆ ಇರಬೇಕು,” ಎಂದಳು.

ಡ್ರೈವರಮ್ಮ ಅವಳನ್ನು ದಿಟ್ಟಿಸಿದಳು. “ನಿಮ್ಮದೂನಾ? ಮತ್ತೆ ಒಂದೇ ಮನೇಲಿ ಹೇಗೆ ಇದ್ರಿ?”

“ನೀವು ಮತ್ತೆ ಇಲ್ಲಿಗೆ ಹೇಗೆ ಬಂದ್ರಿ?”

“ನಾನು ಬೈಯೋಕೆ ಅಂತಲೇ ಬರ್ತಿದ್ದೆ. ಮೊದಲ ಸಲ ಬಾಯಿಗೆ ಬಂದ ಹಾಗೆ ಬೈದೆ. ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, ‘ಹುಬ್ಬು ಗಂಟು ಹಾಕ್ಕೊಂಡು ನೋಡ್ತೀಯಲ್ಲ, ಬಸ್ಸು ಓಡಿಸೋವಾಗ ಬೋರ್ಡು ಕಾಣತ್ತಾ?’ ಅಂದ್ರು. ಕಾಣ್ತಿರಲಿಲ್ಲ.” ಅವಳು ಮೂಗಿನ ಮೇಲಿನ ಕನ್ನಡಕ ಮುಟ್ಟಿಕೊಂಡಳು. “ಪ್ರತಿ ವರ್ಷ ಬರ್ತಿದ್ದೆ. ಬೈತಿದ್ದೆ, ಕನ್ನಡಕ ತಗೊಂಡು ಹೋಗ್ತಿದ್ದೆ. ಈಗ ಯಾರನ್ನ ಬೈಲಿ?”

ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಸಿಟ್ಟಿನಿಂದಲೇ ಕಣ್ಣೊರೆಸಿಕೊಂಡಳು.

*

ಒಂದೇ ಮನೆಯಲ್ಲಿ ಇದ್ದ ಬಗೆ ಹೀಗೆ. ಬಲೂನು ಹಾರಿಸಿದ ಮೇಲಿನ ಮರುಸಭೆಯಲ್ಲಿ ಬೀದಿಯವರೆಲ್ಲ ಎದ್ದು ನಿಂತರು, ಕಟ್ಟಡ ಬುರುಜಿನ ಬುಡಕ್ಕಿಂತ ಮೇಲೆ ಏಳಬಾರದು ಎಂದಾಯಿತು. ಅಂದಿನಿಂದ ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಳು. ಮೂವರೂ ಒಂದೇ ಮೇಜಿಗೆ ಕೂತಿದ್ದರೂ, “ನಿಮ್ಮಮ್ಮನಿಗೆ ಕೇಳಿ, ಇನ್ನೊಂದು ತುತ್ತು ಬೇಕಾ ಅಂತ,” ಎನ್ನುವಳು. “ಅವಳಿಗೆ ಹೇಳು, ಸಾಕು ಅಂತ,” ಎನ್ನುವಳು ಅತ್ತೆ. ನಡುವೆ ಕೂತ ಮಗ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ.

ಒಂದು ಮಧ್ಯಾಹ್ನ ಸೊಸೆ ಮಾರುಕಟ್ಟೆಯಿಂದ ಬಂದಾಗ ಒಳಕೋಣೆಯಲ್ಲಿ ಅತ್ತೆಯ ಮಂಚ ಇತ್ತು. ತಮ್ಮ ಹಾಸಿಗೆ, ಮಕ್ಕಳ ಬಟ್ಟೆಯ ಪೆಟ್ಟಿಗೆ ಯಾವುದೂ ಇರಲಿಲ್ಲ. ಮೇಲೆ ಓಡಿದಳು. ದೊಡ್ಡ ಕೋಣೆಯಲ್ಲಿ ಎಲ್ಲವೂ ಜೋಡಿಸಿತ್ತು. ಕಿಟಕಿ ತೆರೆದಿತ್ತು, ಅದರ ತುಂಬ ಬುರುಜು.

ಇಳಿದು ಬಂದಾಗ ಅತ್ತೆ ಯಂತ್ರದ ಮುಂದೆ ಕೂತು ಮಸೂರ ಉಜ್ಜುತ್ತಿದ್ದಳು. “ಮೆಟ್ಟಿಲು ಹತ್ತೋಕೆ ಮಂಡಿ ನೋಯತ್ತೆ,” ಎಂದಳು. ಹಿಂದಿನ ದಿನವಷ್ಟೇ ಮಾಡು ಹತ್ತಿ ಹೆಂಚು ಸರಿಮಾಡಿದ್ದವಳು.

“ಸುಳ್ಳು ಹೇಳಬೇಡಿ,” ಎಂದಳು ಸೊಸೆ. ಎಷ್ಟೋ ಕಾಲದ ಮೇಲೆ ಅತ್ತೆಗೆ ನೇರವಾಗಿ ಆಡಿದ ಮೊದಲ ಮಾತು ಅದು. ಕ್ಷಮೆ ಅವಳೂ ಕೇಳಲಿಲ್ಲ, ಇವಳೂ ಕೇಳಲಿಲ್ಲ.

ಕಡೆಯ ವರ್ಷಗಳಲ್ಲಿ ಅತ್ತೆಯ ಕಣ್ಣೇ ಕೈಕೊಟ್ಟಿತು. ನೋಟದ ನಡುವೆ ಒಂದು ಮಬ್ಬು; ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಯಾವ ಮಸೂರಕ್ಕೂ ಬಗ್ಗದ ರೋಗ ಅದು. “ಬಲೂನು ಬಂದು ಕಣ್ಣೊಳಗೇ ಕೂತಿದೆ ನೋಡು,” ಎಂದು ತಾನೇ ನಕ್ಕಳು. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಗಿರಾಕಿಯ ಭುಜ ಹಿಡಿದು ಬಾಗಿಲಿಗೆ ಕರೆತರುವ ಕೆಲಸ ಸೊಸೆಯ ಪಾಲಿಗೆ ಬಂತು.

*

ಬಿಲ್ಡರ್ ಕಾರು ದೂರದಲ್ಲೇ ನಿಲ್ಲಿಸಿ ನಡೆದು ಬಂದ. ಕೈಯಲ್ಲಿ ಗಾಡಿಯ ಗಾಲಿಯಷ್ಟು ದೊಡ್ಡ ಹೂವಿನ ಚಕ್ರ. ಪೆಟ್ಟಿಗೆಯ ಮೇಲಿಟ್ಟು, ಕೈಮುಗಿದು, ಮಗನ ಪಕ್ಕ ನಿಂತ.

“ನನ್ನ ಅರ್ಧ ಕಟ್ಟಡ ನುಂಗಿದ್ರು ನಿಮ್ಮಮ್ಮ,” ಎಂದ. “ಆದ್ರೂ ಗಟ್ಟಿ ಹೆಂಗಸು.” ಆಮೇಲೆ ದನಿ ತಗ್ಗಿಸಿದ. “ಇವತ್ತು ಹೇಳಬಾರದು. ಎತ್ತರದ ನಿಯಮ ಸಡಿಲ ಮಾಡ್ತಿದ್ದಾರೆ. ಮುಂದಿನ ತಿಂಗಳು ಸಭೆ. ಮೇಲೆ ಇನ್ನಷ್ಟು ಅಂತಸ್ತು ಏರಿಸೋ ಹಾಗೆಯೇ ಪಾಯ ಹಾಕಿಸಿದ್ದೆ ನಾನು. ಆಗ ನಿಮಗೂ ಒಂದು ಮನೆ ಬೇಕಿತ್ತಲ್ಲ? ಈಗ ಅಡ್ಡ ಬರೋರು ಯಾರೂ ಇಲ್ಲ.”

ಮಗ ಹೆಂಡತಿಯ ಮುಖ ನೋಡಿದ. ಅದು ಅವನ ಹಳೆಯ ಅಭ್ಯಾಸ.

ಸೊಸೆ ಬೀದಿಯ ತುದಿ ನೋಡಿದಳು. ಆ ಅಡುಗೆಮನೆಯ ಆಸೆ ಇನ್ನೂ ಪೂರ್ತಿ ಸತ್ತಿರಲಿಲ್ಲ; ಬಣ್ಣ ಕೂಡ ನೆನಪಿತ್ತು.

“ಆ ಮನೆಯ ಕಿಟಕಿಯಿಂದ ಬುರುಜು ಚೆನ್ನಾಗಿ ಕಾಣತ್ತೆ, ಅಲ್ವಾ?” ಎಂದು ಕೇಳಿದಳು.

“ಎದುರಿಗೇ! ಊರಲ್ಲೇ ಅಂಥ ನೋಟ ಇನ್ನೊಬ್ಬರಿಗೆ ಸಿಗಲ್ಲ.”

“ಅದೇ, ಇನ್ನೊಬ್ಬರಿಗೆ ಸಿಗಲ್ಲ,” ಎಂದಳು. “ಸಭೆ ಯಾವತ್ತು ಅಂತ ತಿಳಿಸಿ. ಬರ್ತೀನಿ. ನಿಮ್ಮ ಪರ ಮಾತಾಡೋಕಲ್ಲ.”

ಬಿಲ್ಡರ್ ಬಗ್ಗಿ ಪೆಟ್ಟಿಗೆಯ ಮೇಲಿನ ಹೂವಿನ ಚಕ್ರವನ್ನು ನೆಟ್ಟಗೆ ಮಾಡಿದ.

“ನಾನೂ ಬರ್ತೀನಿ,” ಎಂದಳು ಚಹಾದ ಲೋಟ ಹಿಡಿದು ಹತ್ತಿರವೇ ನಿಂತಿದ್ದ ಡ್ರೈವರಮ್ಮ. “ಆದ್ರೆ ನಾನು ಮನೆ ಕೇಳೋಕೆ ಬರೋದು. ಮೇಲಕ್ಕೆ ಬೇಡ ಅಂದ್ರೆ ಎಲ್ಲಿ ಕಟ್ತಾರೆ, ಅದನ್ನ ಹೇಳಲಿ.”

“ಬನ್ನಿ. ಅದೂ ಕೇಳೋ ಮಾತೇ,” ಎಂದಳು ಸೊಸೆ. “ಒಟ್ಟಿಗೇ ಹೋಗೋಣ. ಜಗಳ ಅಲ್ಲೇ ಆಡಿದ್ರಾಯ್ತು.”

ಅಷ್ಟರಲ್ಲಿ ಗಾಡಿ ಬಂತು.

*

ಸ್ಮಶಾನ ಗುಡ್ಡದ ಆಚೆ ಮಗ್ಗುಲಲ್ಲಿತ್ತು. ಸೊಸೆ ಆ ಕಡೆ ಬಂದವಳೇ ಅಲ್ಲ. ಗಾಡಿಯಿಂದ ಇಳಿದು ತಲೆ ಎತ್ತಿದಾಗ, ತಾನು ನೋಡುತ್ತಿರುವುದು ಅದೇ ಬುರುಜು ಎಂದು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಈ ಬದಿಯಲ್ಲಿ ಒಂದೂ ಕಿಂಡಿ ಇರಲಿಲ್ಲ. ಬಿರುಕಿಗೆ ಇಟ್ಟಿಗೆ ಮೆತ್ತಿದ ಬೋಳು ಗೋಡೆ, ಒಂದು ನೀರಿನ ತೊಟ್ಟಿ, ಕಾವಲುಗಾರನ ಮನೆಯ ತಗಡಿನ ಮಾಡು.

“ನಮ್ಮ ಕಡೆಗೆ ಕಾಣೋದು ಇದೇ,” ಎಂದಳು ಡ್ರೈವರಮ್ಮ. “ಬೆನ್ನು.”

ಬುರುಜಿನ ಮೇಲೆ ಒಬ್ಬ ಹೆಂಗಸು, ಕಾವಲುಗಾರನ ಹೆಂಡತಿ ಇರಬೇಕು, ಗೋಡೆಗೆ ಚಾಪೆ ಹರವಿ ಕೋಲಿನಿಂದ ಬಡಿಯುತ್ತಿದ್ದಳು. ಕೋಲು ಬಿದ್ದು, ಧೂಳು ಎದ್ದ ಮೇಲೆ ಸದ್ದು ಕೆಳಗೆ ತಲುಪುತ್ತಿತ್ತು. ಮಗ ಮತ್ತು ಉಳಿದವರು ಪೆಟ್ಟಿಗೆ ಹೊತ್ತು ಗುಂಡಿಯ ಕಡೆ ನಡೆದಾಗ ಅವಳು ಕೆಳಗೆ ನೋಡಿದಳು. ಎತ್ತಿದ್ದ ಕೋಲನ್ನು ನಿಧಾನವಾಗಿ ಇಳಿಸಿದಳು.

ಪೆಟ್ಟಿಗೆ ಇಳಿಯಿತು. ಮಗ ಮಣ್ಣು ಹಾಕಿದ, ಸೊಸೆ ಹಾಕಿದಳು, ಡ್ರೈವರಮ್ಮ ಹಾಕಿದಳು, ದರ್ಜಿ ಹಾಕಿದ. ಸಲಿಕೆಯವರು ಗುಂಡಿ ಮುಚ್ಚಿ ಮೇಲೆ ತಟ್ಟಿ ಸಮ ಮಾಡುವವರೆಗೂ ಮೇಲಿನ ಹೆಂಗಸು ಎರಡೂ ಕೈ ಗೋಡೆಯ ಮೇಲಿಟ್ಟು, ಯಾರೆಂದು ತಿಳಿಯದೆಯೇ, ನಿಂತು ನೋಡಿದಳು.

ಜನ ಚದುರಿ ಗೇಟಿನ ಕಡೆ ಹೊರಟರು. ಹಿಂದಿನಿಂದ, ಗುಡ್ಡದ ಮೇಲಿನಿಂದ, ಚಾಪೆ ಬಡಿಯುವ ಸದ್ದು ಮತ್ತೆ ಶುರುವಾಯಿತು.